ಮೊದಲ ಗಾಡಿಗೆ ಓಟದ ಎತ್ತು ಸಲ್ಲುವುದೇ?

ನೇಸರಗಿ ಹಾದಿಯ ಮೇಲಿನ ಊರು. ಬೆಳಗಾವಿಯಿಂದ ಯರಗಟ್ಟಿಯ ಮೇಲಾಗಿ ಬಾಗಲಕೋಟೆಗೆ ಹೋಗುವ ರಸ್ತೆ ಈ ಊರನ್ನು ತಾಗಿಯೇ ಹಾಯುತ್ತದೆ. ಒಂದು ಕಡೆಗೆ ಬೈಲಹೊಂಗಲದ ಹಾದಿ ಒಡೆಯುತ್ತದೆ, ಇನ್ನೊಂದು ಕಡೆಗೆ ಗೋಕಾಕದ್ದು. ಹಾದಿಯ ಊರಿನವರಿಗೆ ವಾಹನದ ವಿಚಾರ ಎಂದೂ ಹೊಸದಲ್ಲ. ಸವದತ್ತಿಯಿಂದಲೂ ಆಮೇಲೆ ಬೆಳಗಾವಿಯಿಂದಲೂ ಈ ನಾಡನ್ನು ಆಳಿದ ರಟ್ಟರ ಕಾಲದ ಶಾಸನ ಈ ಊರಿನಲ್ಲಿಯೂ ಉಂಟು. ಆ ಕಾಲದ ನಮ್ಮ ಶಾಸನಗಳನ್ನು ಓದಿದವರಿಗೆ ಒಂದು ಮಾತು ಕಣ್ಣಿಗೆ ಬಿದ್ದೇ ಇರುತ್ತದೆ: ಸುಂಕ ಕಟ್ಟುವಾಗ ಬಂಡಿಗೆ ಇಷ್ಟು, ಎತ್ತಿನ ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು ಎಂದು ಬೇರೆ ಬೇರೆ ಹೇಳಿರುತ್ತಾರೆ. ಯಾವುದು ಎಷ್ಟು ಹೊತ್ತಿತು ಎಂಬುದೇ ಅಲ್ಲಿ ಲೆಕ್ಕ. ಎಷ್ಟು ಬೇಗ ಬಂದಿತು ಎಂಬುದನ್ನು ಯಾರೂ ಕೇಳಿಲ್ಲ. ಹೊರೆಗೆ ಬೆಲೆ ಕಟ್ಟುವುದು ವ್ಯವಹಾರ, ವೇಗಕ್ಕೆ ಬೆಲೆ ಕಟ್ಟುವುದು ಹವ್ಯಾಸ. ಈ ಎರಡರ ನಡುವಿನ ಜಗಳ ನಮ್ಮ ಸೀಮೆಯಲ್ಲಿ ಬಹಳ ಹಳೆಯದು. ಇಂದು ಅದು ಮೋಟಾರಿನ ವೇಷದಲ್ಲಿ ಮರಳಿ ಬಂದಿದೆ.

ಪ್ರಶ್ನೆ ಇಷ್ಟೆ: ಮನೆಗೆ ಮೊಟ್ಟಮೊದಲು ಕೊಳ್ಳುವ ವಾಹನ ವೇಗದ್ದು, ಚೆಲುವಿನದು, ಆದರೆ ದಿನದಿನವೂ ಆರೈಕೆ ಬೇಡುವಂಥದು ಆಗಿದ್ದರೆ ಅದು ಬುದ್ಧಿವಂತಿಕೆಯೋ ಅಲ್ಲವೋ? ಇದಕ್ಕೆ ಬರಿಯ ಗದರಿಕೆಯಿಂದ ಉತ್ತರ ಹೇಳಿದರೆ ತರುಣರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಇತಿಹಾಸ ಏನು ಹೇಳುತ್ತದೆಂಬುದನ್ನು ನೋಡೋಣ.

ಕನ್ನಡ ನಾಡಿನಲ್ಲಿ ವೇಗದ ಎತ್ತಿನ ಕಥೆಗೆ ಮೈಸೂರೇ ತವರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (೧೬೭೨–೧೭೦೪) ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಇದ್ದಿತು. ಅದನ್ನೇ ಮುಂದೆ ಟಿಪ್ಪು ಸುಲ್ತಾನನು ‘ಅಮೃತ ಮಹಲ್’ ಎಂದು ಕರೆದನು. ಹಾಲು ಬೆಣ್ಣೆಯ ಹೆಸರಿದ್ದರೂ ಈ ತಳಿಯ ನಿಜವಾದ ಗುಣ ಓಟ. ೧೭೮೧ರಲ್ಲಿ ಇಂಗ್ಲಿಷರು ಚಿದಂಬರದ ಮೇಲೆ ಬಿದ್ದಾಗ ಹೈದರಾಲಿಯು ಎರಡೂವರೆ ದಿನಗಳಲ್ಲಿ ನೂರು ಮೈಲು ನಡೆದು ಬಂದನೆಂದೂ, ಅದು ಈ ಎತ್ತುಗಳ ಬಲದಿಂದಲೇ ಸಾಧ್ಯವಾಯಿತೆಂದೂ ಆ ತಳಿಯ ಚರಿತ್ರೆಯನ್ನು ಬರೆದವರೆಲ್ಲ ಹೇಳುತ್ತಾರೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ದನಗಳು ಇಂಗ್ಲಿಷರ ಕೈಗೆ ಬಂದವು. ಮುಂದೆ ವೆಲಿಂಗ್ಟನ್ ಎನಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ೧೮೦೩ರಲ್ಲಿ ಹರಿಹರದ ಕಡೆಯಿಂದ ಹೊರಟು ನಮ್ಮ ಈ ದಕ್ಷಿಣ ಮರಾಠಾ ಸೀಮೆಯನ್ನು ಹಾಯ್ದು ಪುಣೆಗೆ ಹೋದನು. ಅವನ ಕಾಗದಪತ್ರಗಳಲ್ಲಿ ಎತ್ತಿನ ಚಿಂತೆ ಮತ್ತೆ ಮತ್ತೆ ಬರುತ್ತದೆ. ದಂಡು ಬೇಗ ನಡೆಯಬೇಕಾದರೆ ಒಳ್ಳೆಯ ಎತ್ತು ಬೇಕು, ಅದನ್ನು ಒಳ್ಳೆಯವನು ಹೊಡೆಯಬೇಕು, ಅದರ ಆರೈಕೆ ಚೆನ್ನಾಗಿ ನಡೆಯಬೇಕು ಎಂಬುದು ಅವನ ಅನುಭವದ ಸಾರ.

ಈ ಮೂರು ಮಾತುಗಳಲ್ಲಿ ನಮ್ಮ ಪ್ರಶ್ನೆಯ ಅರ್ಧ ಉತ್ತರ ಅಡಗಿದೆ. ಎತ್ತು ಒಂದೇ ಸಾಲದು. ಹೊಡೆಯುವ ಕೈಯೂ ಬೇಕು, ಮೇಯಿಸುವ ಶಕ್ತಿಯೂ ಬೇಕು. ಅಮೃತ ಮಹಲಿಗೆ ರಾಜ್ಯದ ತುಂಬ ಕಾವಲುಗಳಿದ್ದವು, ಋತು ನೋಡಿ ಹಿಂಡನ್ನು ಒಂದು ಕಾವಲಿನಿಂದ ಇನ್ನೊಂದಕ್ಕೆ ಹೊಡೆಯುವ ಗೋಪಾಲಕರಿದ್ದರು, ಲೆಕ್ಕ ಬರೆಯುವ ಅಧಿಕಾರಿಗಳಿದ್ದರು. ಅಂದರೆ ವೇಗದ ಎತ್ತಿನ ಹಿಂದೆ ಒಂದು ಸರಕಾರವೇ ನಿಂತಿದ್ದಿತು. ಅಂಥ ಎತ್ತನ್ನು ಬರಿಗೈಯ ರೈತ ತಂದು ತನ್ನ ದಂದಕ್ಕಿಯಲ್ಲಿ ಕಟ್ಟಿದರೆ ಎತ್ತು ಬಂದಿತು, ಸರಕಾರ ಬರಲಿಲ್ಲ ಎಂದಾಗುತ್ತದೆ.

ಇನ್ನು ನಮ್ಮ ಮಲಪ್ರಭೆಯ ದಂಡೆಗೆ ಬರೋಣ. ಎರೆಭೂಮಿಯ ಗುಣ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ: ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಗಾಲಿಯನ್ನು ಗುಂಬದವರೆಗೆ ನುಂಗುತ್ತದೆ. ಈ ನೆಲಕ್ಕೆ ಬೇಕಾದುದು ದೊಡ್ಡ ಮೈಯ, ಸಾವಧಾನದ, ಜಗ್ಗುವ ಎತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗಲಿಯೇ ಮೊದಲಾದ ದಕ್ಷಿಣ ಮರಾಠಾ ಸಂಸ್ಥಾನಿಕರ ಆಸಕ್ತಿಯಿಂದ ಅಂಥ ತಳಿಯೊಂದು ರೂಪುಗೊಂಡಿತು. ಗುಜರಾತದ ಗೀರ್, ಕಾಂಕ್ರೇಜ್, ಆಂಧ್ರದ ಓಂಗೋಲು, ಇಲ್ಲಿಯ ಸ್ಥಳೀಯ ದನ ಇವುಗಳ ಬೆರಕೆಯಿಂದ ಹುಟ್ಟಿದ ಅದಕ್ಕೆ ಕೃಷ್ಣಾ ತೀರದ ತಳಿ ಎಂದು ಹೆಸರು. ಅದು ಓಡುವುದಿಲ್ಲ, ಆದರೆ ಎರೆಯಲ್ಲಿ ಹೂತ ಚಕ್ಕಡಿಯನ್ನು ಹೊರಗೆ ತರುತ್ತದೆ.

ಇದರ ಎದುರಿಗೆ ನಿಲ್ಲುವುದು ಖಿಲಾರಿ. ಸೊಲ್ಲಾಪುರ, ಸಾತಾರಾ, ಸಾಂಗಲಿಗಳ ಒಣಸೀಮೆಯಿಂದ ನಮ್ಮ ವಿಜಯಪುರ, ಬೆಳಗಾವಿಯವರೆಗೆ ಹರಡಿದ ತಳಿ. ಬಿಳುಪು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಕೋಡು, ಬಿಗಿದ ಕಾಲು, ಸದಾ ನಿಗುರಿದ ಕಿವಿ. ಹೊಡೆಯುವವನ ಬಾಯಿಂದ ಸಪ್ಪಳ ಹೊರಡುವುದೇ ತಡ, ಗಾಡಿ ಹಾರುತ್ತದೆ. ಆದರೆ ಅದರ ಸ್ವಭಾವ ಬಲು ಸೂಕ್ಷ್ಮ. ಹೊಸಬ ಹತ್ತಿರ ಹೋದರೆ ಒದೆಯುತ್ತದೆ, ತನ್ನ ಒಡೆಯನನ್ನು ಬಿಟ್ಟು ಇನ್ನೊಬ್ಬನಿಗೆ ಸುಲಭವಾಗಿ ಬಗ್ಗುವುದಿಲ್ಲ. ಶರ್ಯತ್ತಿಗೆ ಇಟ್ಟ ಜೋಡಿಗೆ ಬರಿಯ ಕಣಿಕೆ ನಡೆಯದು. ಹತ್ತಿಕಾಳು, ಹುರುಳಿ, ಶೇಂಗಾ ಹಿಂಡಿ ಬೇಕು, ಹಾಲು ತತ್ತಿ ಕುಡಿಸುವವರೂ ಉಂಟು. ಎತ್ತಿನದು ಸೀಳುಗೊರಸು, ನಾಲು ಬಡಿಸಿದರೆ ಒಂದೊಂದು ಕಾಲಿಗೆ ಎರಡೆರಡು ತುಂಡು ಬೇಕು. ಓಡುವ ಎತ್ತಿಗೆ ಅದು ಬೇಗ ಸವೆಯುತ್ತದೆ. ಇಂದಿನ ಭಾಷೆಯಲ್ಲಿ ಹೇಳಬೇಕಾದರೆ ಖಿಲಾರಿ ನಮ್ಮ ಸೀಮೆಯ ಸ್ಪೋರ್ಟ್ಸ್ ಕಾರು.

ನಮ್ಮ ಹಳ್ಳಿಯ ವ್ಯವಸ್ಥೆಯ ಇನ್ನೊಂದು ಮುಖವನ್ನೂ ಇಲ್ಲಿ ನೆನೆಯಬೇಕು. ಚಕ್ಕಡಿ ಕೆಟ್ಟರೆ ರೈತ ಹಣ ಹಿಡಿದುಕೊಂಡು ಓಡುತ್ತಿರಲಿಲ್ಲ. ಬಡಿಗನೂ ಕಮ್ಮಾರನೂ ಆಯಗಾರರು. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಒಯ್ಯುವರು, ವರ್ಷವಿಡೀ ಕೂರಿಗೆ, ರಂಟೆ, ಗಾಡಿಗಳ ಚಿಲ್ಲರೆ ಕೆಲಸ ನೋಡಿಕೊಳ್ಳುವರು. ಗಾಲಿಯ ಹಳಿ ಸಡಿಲಾದರೆ ಕುಳ್ಳಿನ ಬೆಂಕಿಯಲ್ಲಿ ಅದನ್ನು ಕಾಯಿಸಿ, ಕೆಂಪಗಾದಾಗ ಕಟ್ಟಿಗೆಯ ಗಾಲಿಗೆ ತೊಡಿಸಿ, ನೀರು ಸುರುವಿ ಬಿಗಿಸುವರು. ಕಾದಾಗ ಹಿಗ್ಗಿದ ಕಬ್ಬಿಣ ತಣಿದಾಗ ಕುಗ್ಗಿ ಗಾಲಿಯನ್ನು ಅಪ್ಪಿಕೊಳ್ಳುವುದು. ಇದನ್ನು ಮಾಡಲು ಪರಊರಿನಿಂದ ಯಾರನ್ನೂ ಕರೆಸಬೇಕಾಗಿರಲಿಲ್ಲ. ಊರಿನ ಕೈಗೆ ರಿಪೇರಿಯಾಗುವ ವಾಹನವೇ ಊರಿಗೆ ತಕ್ಕ ವಾಹನ ಎಂಬುದು ಆಗಿನ ತಿಳಿವಳಿಕೆ; ಬರೆದಿಟ್ಟ ನಿಯಮವಲ್ಲ, ನಡೆದುಬಂದ ನಡತೆ.

ಈ ನಡತೆ ಒಮ್ಮೆ ಜೋರಾಗಿ ಅಲುಗಾಡಿದುದು ೧೮೬೧ರಿಂದ ೧೮೬೫ರವರೆಗೆ. ಅಮೇರಿಕೆಯಲ್ಲಿ ಉತ್ತರ ದಕ್ಷಿಣದವರ ನಡುವೆ ಯುದ್ಧ ಹತ್ತಿ ಅಲ್ಲಿಯ ಹತ್ತಿ ಲಂಕಾಶೈರಿನ ಗಿರಣಿಗಳಿಗೆ ಬರುವುದು ನಿಂತಿತು. ಲಿವರ್‌ಪೂಲಿನ ವ್ಯಾಪಾರಿಗಳ ಕಣ್ಣು ಹಿಂದುಸ್ತಾನದ ಮೇಲೆ ಬಿದ್ದಿತು. ಆಗ ಬೈಲಹೊಂಗಲವು ಸಂಪಗಾವಿ ತಾಲೂಕಿನಲ್ಲಿದ್ದಿತು. ಅದರ ಸುತ್ತಣ ಎರೆಯೂ ಧಾರವಾಡದ ಎರೆಯೂ ಒಂದೇ ಹತ್ತಿಯ ಸೀಮೆ. ಇಲ್ಲಿಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರದಿಂದ ಹಡಗು ಹತ್ತುತ್ತಿದ್ದುದರಿಂದ ಅದಕ್ಕೆ ಪೇಟೆಯಲ್ಲಿ ‘ಕುಮಟಾ’ ಎಂದೇ ಹೆಸರು ಬಿದ್ದಿತು. ಬೆಲೆ ಏರಿತು, ಊಹಿಸಲಾಗದಷ್ಟು ಏರಿತು. ರೈತನ ಕೈಯಲ್ಲಿ ರೊಕ್ಕ ಆಡಿತು.

ಆ ರೊಕ್ಕ ಎಲ್ಲಿಗೆ ಹೋಯಿತು? ಮಧ್ಯಪ್ರಾಂತದ ಹತ್ತಿಯ ಅಧಿಕಾರಿಯಾಗಿದ್ದ ರಿವೆಟ್ ಕಾರ್ನಾಕ್ ಎಂಬವನು ನಾಗಪುರ, ವರ್ಧಾ ಕಡೆಯ ಸುದ್ದಿಯನ್ನು ಬರೆದಿಟ್ಟಿದ್ದಾನೆ. ಅಲ್ಲಲ್ಲಿ ಬೆಳ್ಳಿಯ ಕುಳ, ಗಾಡಿಯ ಗಾಲಿಗೆ ಬೆಳ್ಳಿಯ ಹಳಿ ಕಾಣಿಸಿಕೊಂಡುವಂತೆ; ಮದುವೆಗಳಿಗೆ ಹಣ ಹೊಳೆಯಾಗಿ ಹರಿಯಿತಂತೆ; ಮನಸ್ಸಿಗೆ ಬಂದ ಓಟದ ಎತ್ತಿನ ಜೋಡಿಗೆ ಬಾಯಿಗೆ ಬಂದ ಬೆಲೆ ಕೊಟ್ಟರಂತೆ. ಬೆಳ್ಳಿಯ ಹಳಿಯ ಮಾತನ್ನು ಎಲ್ಲರೂ ನಗುತ್ತ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಓಟದ ಎತ್ತು. ಬೆಳ್ಳಿಯ ಹಳಿ ಕೊಂಡವನಿಗೆ ಕೊನೆಗೆ ಬೆಳ್ಳಿಯಾದರೂ ಉಳಿಯಿತು, ಕರಗಿಸಿ ಮಾರಬಹುದು. ೧೮೬೫ರಲ್ಲಿ ಯುದ್ಧ ನಿಂತು ಹತ್ತಿಯ ಬೆಲೆ ಇಳಿದು, ಮುಂಬಯಿಯ ಬ್ಯಾಕ್ ಬೇ ಮುಂತಾದ ಕಂಪನಿಗಳ ಶೇರುಗಳು ನೆಲಕ್ಕೆ ಬಿದ್ದಾಗ, ಓಟದ ಎತ್ತು ಕೊಂಡವನ ಅಂಗಳದಲ್ಲಿ ಉಳಿದುದು ಹಸಿದ ಹೊಟ್ಟೆ. ಕೊಂಡ ಬೆಲೆಗೆ ಮಾರುವಂತಿಲ್ಲ, ಮೇಯಿಸುವುದನ್ನು ಬಿಡುವಂತಿಲ್ಲ.

ಇಲ್ಲಿ ಒಂದು ಸೂತ್ರ ದೊರೆಯುತ್ತದೆ. ವಾಹನಕ್ಕೆ ಎರಡು ಬೆಲೆಗಳಿವೆ: ಕೊಳ್ಳುವ ಬೆಲೆ, ಸಾಕುವ ಬೆಲೆ. ಮೊದಲನೆಯದು ಪೇಟೆಯೊಡನೆ ಏರಿ ಇಳಿಯುತ್ತದೆ. ಎರಡನೆಯದು ಏರಿದ ಮೇಲೆ ಇಳಿಯುವುದೇ ಇಲ್ಲ.

ಇದನ್ನೆಲ್ಲ ನಾನು ಈಗ ಬರೆಯಲು ಕಾರಣ ನನ್ನ ತಂಗಿಯ ಮಗ. ಪುಣೆಯಲ್ಲಿ ಕೆಲಸ ಹತ್ತಿ ಎರಡು ವರ್ಷವಾಯಿತು. ಊರಲ್ಲಿ ತಂದೆಯ ಹೆಸರಿನಲ್ಲಿ ಒಂಬತ್ತು ಎಕರೆ ಎರೆ, ತುಸು ಸಾಲ. ಮನೆಯಲ್ಲಿ ಇದುವರೆಗೆ ಕಾರು ಇಲ್ಲ. ಯುಗಾದಿಗೆ ಬಂದವನು ಫೋನಿನಲ್ಲಿ ಒಂದು ಚಿತ್ರ ತೋರಿಸಿದನು: ಹತ್ತು ವರ್ಷ ಓಡಿದ ಪರದೇಶದ ಸ್ಪೋರ್ಟ್ಸ್ ಕಾರು, ಕೆಂಪು ಬಣ್ಣ, ಎರಡೇ ಬಾಗಿಲು. ಹೊಸದಾಗಿದ್ದಾಗಿನ ಬೆಲೆಯ ನಾಲ್ಕನೆಯ ಒಂದು ಪಾಲಿಗೆ ಸಿಗುತ್ತದೆಂದು ಅವನ ಸಂಭ್ರಮ.

“ಮಾಮಾ, ಊರಾಗ ಹೊಸಾ ಸಾದಾ ಕಾರಿಗೆ ಎಷ್ಟ ಕೊಡ್ತಾರ, ಅಷ್ಟರಾಗ ಇದು ಬರ್ತದ್ರಿ. ತಗೊಳ್ಳಿಕ್ಕೆ ಏನ ಅಡ್ಡಿ?”

“ಅಡ್ಡಿ ತಗೊಳ್ಳೂದಕ್ಕ ಇಲ್ಲ ತಮ್ಮಾ, ಕಟ್ಟಿ ಹಾಕಿ ಮೇಯಸೂದಕ್ಕ ಐತಿ.”

“ನೀವು ಏನ ಕೇಳಿದ್ರೂ ಎತ್ತಿನ ಕಥೀಗೇ ಬರ್ತೀರಿ!” ಎಂದು ನಕ್ಕನು. ಅವನ ತಾಯಿ ನಗಲಿಲ್ಲ. ಆಕೆಯ ಮುಖದಲ್ಲಿ ನಾನು ಕಂಡುದು ಕಾರನ್ನಲ್ಲ, ಸಾಲದ ಕಂತನ್ನು. ಆದುದರಿಂದ ಅವನಿಗೆ ಎತ್ತಿನ ಕಥೆಯನ್ನು ಬಿಟ್ಟು ಕಾರಿನ ಕಥೆಯನ್ನೇ ಹೇಳಿದೆ. ಅದು ವಾಚಕರಿಗೂ ಉಪಯೋಗಕ್ಕೆ ಬಂದೀತು.

ಹಳೆಯ ಸ್ಪೋರ್ಟ್ಸ್ ಕಾರು ನಾಲ್ಕಾಣೆಗೆ ಸಿಕ್ಕರೂ ಅದರ ಬಿಡಿಭಾಗಗಳು ಹದಿನಾರಾಣೆಯ ಬೆಲೆಯಲ್ಲಿಯೇ ಇರುತ್ತವೆ. ಬ್ರೇಕು, ಕ್ಲಚ್ಚು, ಗಾಡಿ ಹಾರದಂತೆ ಹಿಡಿಯುವ ಡ್ಯಾಂಪರು—ಇವೆಲ್ಲ ಹೊಸ ಕಾರಿನ ಶ್ರೀಮಂತ ಒಡೆಯನ ಕಿಸೆಯನ್ನು ನೋಡಿ ಬೆಲೆ ಕಟ್ಟಿದವು. ಮೂರನೆಯ ಒಡೆಯನ ಕಿಸೆ ಅವಕ್ಕೆ ಗೊತ್ತಿಲ್ಲ. ಎಂಜಿನ್ನಿನಲ್ಲಿ ಪೆಟ್ರೋಲಿನ ಆವಿಯನ್ನು ಹೆಚ್ಚು ಅದುಮಿ ಶಕ್ತಿ ತೆಗೆಯುವುದರಿಂದ, ಕಡಿಮೆ ಆಕ್ಟೇನಿನ ಪೆಟ್ರೋಲು ಹಾಕಿದರೆ ಅದು ಹೊತ್ತಿಗೆ ಮೊದಲೇ ಸಿಡಿದು ಎಂಜಿನ್ನು ಬಡಿದುಕೊಳ್ಳುತ್ತದೆ. ಮೇಲ್ದರ್ಜೆಯ ಪೆಟ್ರೋಲೇ ಬೇಕು. ಟೈರು ಅಗಲ, ಅದರ ರಬ್ಬರು ಮೆತ್ತಗೆ. ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹಾಗೆಯೇ ಬೇಗ ಸವೆಯುತ್ತದೆ. ಖಿಲಾರಿಯ ನಾಲಿನ ಕಥೆಯೇ ಇದು.

ಇನ್ನು ನೆಲದ ಮಾತು. ಸ್ಪೋರ್ಟ್ಸ್ ಕಾರಿನ ಹೊಟ್ಟೆ ನೆಲದಿಂದ ಸಾಮಾನ್ಯವಾಗಿ ೧೧–೧೩ ಸೆಂಟಿಮೀಟರು ಎತ್ತರದಲ್ಲಿರುತ್ತದೆ. ನಮ್ಮ ಸಾದಾ ಕಾರುಗಳದು ೧೭ರ ಆಸುಪಾಸು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಕಟ್ಟಿದ ಉಬ್ಬು ೧೦ ಸೆಂಟಿಮೀಟರು ಎತ್ತರ, ೩.೭ ಮೀಟರು ಅಗಲ ಇರಬೇಕು. ನಿಯಮದ ಉಬ್ಬೇ ಹೊಟ್ಟೆಗೆ ಅಂಗುಲದಷ್ಟು ಹತ್ತಿರ ಬಂದ ಮೇಲೆ, ಊರವರು ರಾತ್ರೋರಾತ್ರಿ ಸಿಮೆಂಟು ಸುರುವಿ ಎಬ್ಬಿಸಿದ ಉಬ್ಬಿನ ಪಾಡೇನು? ಮಳೆಗಾಲದಲ್ಲಿ ಹೊಲದ ಹಾದಿಯ ಪಾಡೇನು? ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಟ್ರೇಲರುಗಳು ತುಂಬಿ ನಿಂತಿರುವ ನಮ್ಮ ರಸ್ತೆಯಲ್ಲಿ, ವೇಗವೆಂಬುದು ಕಲಿಯುತ್ತಿರುವ ಕೈಗೆ ಸಿಕ್ಕ ಹರಿತವಾದ ಕುಡಗೋಲು.

ಕರ್ನಾಟಕವು ವೇಗದ ಕಾರನ್ನು ತಾನೇ ಮಾಡಿ ನೋಡಿದ ನಾಡು ಎಂಬುದನ್ನೂ ಹೇಳಬೇಕು. ಬೆಂಗಳೂರಿನ ಸಿಪಾನಿ ಕಂಪನಿಯು ೧೯೮೦ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯಿಂದ ‘ಡಾಲ್ಫಿನ್’ ಎಂಬ ಸಣ್ಣ ಕಾರನ್ನು ತಂದಿತು. ಮೈ ಫೈಬರಿನದು, ೮೪೮ ಸಿಸಿ ಎಂಜಿನ್ನು. ಹಗುರವಾಗಿದ್ದುದರಿಂದ ರ್ಯಾಲಿಗಳಲ್ಲಿ ಓಡಿ ಹೆಸರು ಮಾಡಿತು. ಆದರೆ ಮನೆಯ ಮೊದಲ ಕಾರು ಕೊಳ್ಳುವವರು ಅದನ್ನು ನೆಚ್ಚಲಿಲ್ಲ. ೧೯೮೩ರ ಡಿಸೆಂಬರಿನಲ್ಲಿ ಬಂದ ೭೯೬ ಸಿಸಿಯ ಮಾರುತಿ ೮೦೦ರ ಹಿಂದೆ ಹೋದರು. ಆಮೇಲೆ ೧೯೯೦ರ ದಶಕದ ಕೊನೆಯಲ್ಲಿ, ರೈಲಿನ ಎಂಜಿನ್ನು ಮಾಡುತ್ತಿದ್ದ ಬೆಂಗಳೂರಿನ ಸ್ಯಾನ್ ಸಂಸ್ಥೆಯವರು ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಆಸನದ, ತಲೆಯ ಮೇಲಿನ ಹೊದಿಕೆ ತೆಗೆಯಬಹುದಾದ ಸ್ಪೋರ್ಟ್ಸ್ ಕಾರನ್ನು ಗೋವೆಯಲ್ಲಿ ತಯಾರಿಸಿದರು. ರೆನೋ ಕಂಪನಿಯ ೧೧೪೯ ಸಿಸಿ ಎಂಜಿನ್ನು, ಸುಮಾರು ೬೦ ಕುದುರೆಶಕ್ತಿ, ಮೈ ಫೈಬರಿನದೇ. ಚೆಲುವಾದ ಸಾಹಸ, ಮಾರಾಟವಾದುದು ಮಾತ್ರ ಕೆಲವೇ. ಡಾಲ್ಫಿನ್ನೂ ಸ್ಟಾರ್ಮೂ ಈಗ ತಯಾರಾಗುವುದಿಲ್ಲ.

ಇವು ಕೆಟ್ಟ ಕಾರುಗಳೆಂದು ನಾನು ಹೇಳುವುದಿಲ್ಲ. ಮಾರುತಿ ಗೆದ್ದುದು ಓಟದಿಂದಲ್ಲ. ತಾಲೂಕು ಊರಿನಲ್ಲಿಯೂ ಅದರ ಬೋಲ್ಟು ಸಿಕ್ಕಿತು, ಅದನ್ನು ಬಿಚ್ಚಿ ಕೂಡಿಸಬಲ್ಲ ಹುಡುಗ ಸಿಕ್ಕಿದನು, ಬೇಡವಾದಾಗ ಕೊಳ್ಳುವ ಗಿರಾಕಿಯೂ ಸಿಕ್ಕಿದನು. ಹಿಂದೆ ಆಯಗಾರ ಮಾಡುತ್ತಿದ್ದ ಕೆಲಸವನ್ನು ಈಗ ಗ್ಯಾರೇಜು ಮಾಡುತ್ತದೆ, ಅಷ್ಟೆ. ಫೈಬರಿನ ಮೈ ಸೀಳಿದರೆ ತಗಡು ಬಡಿಯುವವನ ಸುತ್ತಿಗೆ ಅಲ್ಲಿ ನಡೆಯದು.

ಇದಿರು ಪಕ್ಷವೂ ಇದೆ. ಸ್ಪೋರ್ಟ್ಸ್ ಕಾರೆಂದರೆಲ್ಲ ಮನೆ ಮುರಿಯುವಂಥವಲ್ಲ. ೧೯೮೯ರಲ್ಲಿ ಜಪಾನಿನ ಮಾಜ್ದಾ ಕಂಪನಿಯು ಎಂ.ಎಕ್ಸ್.೫ ಎಂಬ ಸಣ್ಣ ಕಾರನ್ನು ಹೊರತಂದಿತು. ಎಂಜಿನ್ನು ಸಾದಾ, ಮೈ ಹಗುರು, ನಂಬಿಕೆಗೆ ಅರ್ಹ. ೨೦೧೬ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾದವು. ಅಂಥದನ್ನು ಮೊದಲ ಕಾರಾಗಿ ಕೊಂಡು ಸುಖವಾಗಿ ಓಡಿಸಿದ ತರುಣರು ಪರದೇಶಗಳಲ್ಲಿ ಬೇಕಾದಷ್ಟು. ಆದರೆ ಅದು ಗೆದ್ದುದು ವೇಗದ ಜೊತೆಗೆ ಸರಳತೆಯನ್ನು ಇಟ್ಟುಕೊಂಡುದರಿಂದ. ಅಂದರೆ ಜಗಳ ಓಟದೊಡನೆ ಅಲ್ಲ, ಆರೈಕೆಯೊಡನೆ.

ಇನ್ನೊಂದು ಮಾತು ತರುಣರ ಪರವಾಗಿಯೇ ಹೇಳಬೇಕು. ಸಂತೋಷಕ್ಕೂ ಬಾಳಿನಲ್ಲಿ ಪಾಲಿದೆ. ೨೦೧೪ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಎತ್ತಿನ ಗಾಡಿಯ ಓಟ ನಿಂತಾಗ, ನಮ್ಮ ಜಾತ್ರೆಗಳ ಮುಖ ಬಾಡಿದುದನ್ನು ನಾವೆಲ್ಲ ನೋಡಿದ್ದೇವೆ. ೨೦೧೭ರಲ್ಲಿ ಕರ್ನಾಟಕವು ಕಾಯಿದೆ ತಿದ್ದಿಕೊಂಡಿತು. ೨೦೨೩ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಎತ್ತಿನಿಂದ ಹೊಲ ಉಳುವವರು ಕಡಿಮೆಯಾದ ಈ ಕಾಲದಲ್ಲಿಯೂ ಶರ್ಯತ್ತಿನ ಖಿಲಾರಿಗೆ ಲಕ್ಷಗಟ್ಟಲೆ ಎಣಿಸುವವರಿದ್ದಾರೆ; ಜಗ್ಗಿ ಜಗ್ಗಿ ನಾಡನ್ನು ಸಾಕಿದ ಕೃಷ್ಣಾ ತೀರದ ಎತ್ತುಗಳಾದರೋ ತೆರಬಂಡಿಯ ಸ್ಪರ್ಧೆಯಲ್ಲಿ, ಸರಕಾರದ ತಳಿ ಕೇಂದ್ರಗಳಲ್ಲಿ ಹುಡುಕಿ ನೋಡಬೇಕಾದಷ್ಟು ವಿರಳವಾಗಿವೆ. ಉಪಯೋಗಕ್ಕೆಂದು ಸಾಕಿದುದು ಉಪಯೋಗ ತೀರಿದೊಡನೆ ಹೋಯಿತು. ಪ್ರೀತಿಗೆಂದು ಸಾಕಿದುದು ಉಳಿಯಿತು. ಇದು ಲೆಕ್ಕಾಚಾರದವರು ಒಪ್ಪಬೇಕಾದ ಸತ್ಯ.

ಹಾಗಾದರೆ ತೀರ್ಮಾನವೇನು? ನಮ್ಮ ಸೀಮೆಯ ಒಕ್ಕಲುಮನೆಗಳ ಪದ್ಧತಿಯೇ ಅದನ್ನು ಹೇಳುತ್ತದೆ. ಓಟದ ಜೋಡಿ ಕಟ್ಟಿದ ಮನೆಯಲ್ಲಿ ಅದಕ್ಕೂ ಮೊದಲು ಬೇಸಾಯದ ಜೋಡಿ ಇರುತ್ತಿದ್ದಿತು. ಮೊದಲ ಜೋಡಿ ದುಡಿದು ತಂದ ಹಿಂಡಿಯನ್ನೇ ಎರಡನೆಯ ಜೋಡಿ ತಿನ್ನುತ್ತಿದ್ದಿತು. ಜಾತ್ರೆಯಲ್ಲಿ ಓಟದ ಎತ್ತು ಎಡವಿದರೆ ಮನೆಗೆ ನಾಚಿಕೆ. ಬಿತ್ತನೆಯಲ್ಲಿ ಬೇಸಾಯದ ಎತ್ತು ಎಡವಿದರೆ ಮನೆಗೆ ಉಪವಾಸ. ಯಾವುದು ಮೊದಲು ಎಂಬುದಕ್ಕೆ ಇದಕ್ಕಿಂತ ಬೇರೆ ಶಾಸ್ತ್ರ ಬೇಡ.

ತಂಗಿಯ ಮಗನಿಗೆ ನಾನು ಹೇಳಿದುದು ಮೂರೇ ಪರೀಕ್ಷೆ. ಕೊಂಡ ಬೆಲೆಯನ್ನು ಮರೆತು, ಒಂದು ವರ್ಷದ ವಿಮೆ, ಟೈರು, ಎಣ್ಣೆ, ರಿಪೇರಿಗಳನ್ನು ಸಂಬಳದಿಂದ ಮೊದಲೇ ತೆಗೆದಿಟ್ಟು ನೋಡು. ಮನೆಯ ಸಾಲದ ಕಂತು ತಪ್ಪದೆ ನಡೆಯಿತೇ? ಕಾರು ಹದಿನೈದು ದಿನ ಗ್ಯಾರೇಜಿನಲ್ಲಿ ಕುಳಿತರೆ ನಿನ್ನ ಕೆಲಸ, ಅಪ್ಪನ ದವಾಖಾನೆಯ ಪ್ರಯಾಣ ನಿಲ್ಲದೆ ಸಾಗುವುವೇ? ಅದನ್ನು ಬಿಚ್ಚಬಲ್ಲವನು ಬೆಳಗಾವಿಯಲ್ಲಾದರೂ ಇದ್ದಾನೆಯೇ, ಇಲ್ಲವೆ ಪ್ರತಿ ಸಲವೂ ಪುಣೆಗೆ ಹೊತ್ತುಕೊಂಡು ಹೋಗಬೇಕೇ? ಮೂರಕ್ಕೂ ಹೌದೆಂದರೆ ಕೊಳ್ಳು, ನಾನೇ ಬಂದು ತೆಂಗಿನಕಾಯಿ ಒಡೆಯುತ್ತೇನೆ. ಒಂದಕ್ಕೆ ಅಲ್ಲವೆಂದರೂ ಅದು ನಿನ್ನ ಎರಡನೆಯ ಕಾರು, ಮೊದಲನೆಯದಲ್ಲ.

ಅವನು ಈಗ ಲೆಕ್ಕ ಬರೆಯುತ್ತಿದ್ದಾನೆ. ಲೆಕ್ಕ ಏನೇ ಹೇಳಲಿ, ಬರೆಯಲು ಕುಳಿತುದೇ ಒಳ್ಳೆಯದು. ೧೮೬೫ರಲ್ಲಿ ಓಟದ ಎತ್ತು ಕೊಂಡು ಕೆಟ್ಟವರಿಗೆ ವೇಗದ ಆಸೆ ಇದ್ದುದು ದೋಷವಲ್ಲ; ಹತ್ತಿಯ ಬೆಲೆ ಇಳಿದರೆ ಹಿಂಡಿಯ ರೊಕ್ಕ ಎಲ್ಲಿಂದ ಎಂದು ಅವರು ಕೇಳಿಕೊಳ್ಳಲಿಲ್ಲ. ಆ ಒಂದು ಪ್ರಶ್ನೆಯನ್ನು ಕೇಳಿಕೊಂಡವನಿಗೆ ಎತ್ತಾದರೇನು, ಕಾರಾದರೇನು, ಹಾದಿ ಸುಗಮವಾಗಿಯೇ ಇರುತ್ತದೆ.